ಅಪ್ಪನ ಸೈಟು ಯಾರ ಹೆಸರಲ್ಲಿದೆ?

"ಸೈಟಿಗೆ ದುಡ್ಡು ಕಟ್ಟಬೇಕಂತೆ, ಇಪ್ಪತ್ತೊಂದು ಸಾವಿರ ಚಿಲ್ಲರೆ. ಕಟ್ಟದಿದ್ದರೆ ತೆಗೀತಾರಂತೆ" ಎಂದು ಅಪ್ಪ ಫೋನಿನಲ್ಲಿ ಹೇಳಿದಾಗ ನಾನು ಮೆಜೆಸ್ಟಿಕ್ ಕಡೆಗೆ ಹೋಗುವ ಬಸ್ಸಿನಲ್ಲಿದ್ದೆ. ಅಪ್ಪನ ದನಿ ಜೋರು, ನನ್ನ ಫೋನಿನ ಸ್ಪೀಕರು ಅದಕ್ಕಿಂತ ಜೋರು. ಪಕ್ಕದ ಸೀಟಿನವರು ಕನಿಕರದಿಂದ ತಿರುಗಿ, "ಬಿಡಿಎ ಸೈಟಾ ಸಾರ್, ರೆವಿನ್ಯೂನಾ?" ಎಂದರು. ವೆಬ್‌ಸೈಟು ಎಂದು ಹೇಳಿದ ಮೇಲೆ ಅವರ ಕನಿಕರ ಕಡಿಮೆಯಾಯಿತು. ನನ್ನದು ಅಲ್ಲಿಂದ ಶುರುವಾಯಿತು. ಯಾಕೆಂದರೆ ಫೋನ್ ಇಡುವ ಮೊದಲು ಅಪ್ಪ ಇನ್ನೊಂದು ಮಾತು ಕೇಳಿದ್ದರು: "ಅಲ್ಲ ಮಾರಾಯ, ಈ ಸೈಟು ಅಸಲಿಗೆ ಯಾರ ಹೆಸರಲ್ಲಿ ಉಂಟು?"

ಮುಳುಗಡೆ ಕಂಡವರ ಪ್ರಶ್ನೆ ಇದು. ಲಿಂಗನಮಕ್ಕಿ ಅಣೆಕಟ್ಟು ಮುಗಿದ 1964ರ ಹೊತ್ತಿಗೆ ಅಪ್ಪ ಮೂರನೇ ಕ್ಲಾಸು. ಶರಾವತಿ ಕಣಿವೆಯ ಮನೆ, ಗದ್ದೆ, ಅಡಿಕೆ ತೋಟ ಬಿಟ್ಟು ಲಾರಿ ಹತ್ತಿದ ಕುಟುಂಬಗಳಲ್ಲಿ ನಮ್ಮದೂ ಒಂದು. ಹೋಗಿ ಇಳಿದ ಕಡೆ ಕಾಡು ಕಡಿದು ಮನೆ ಕಟ್ಟಿಕೊಂಡವರಲ್ಲಿ ಎಷ್ಟೋ ಜನ ಅರವತ್ತು ವರ್ಷ ಕಳೆದರೂ ಹಕ್ಕುಪತ್ರಕ್ಕಾಗಿ ಇನ್ನೂ ಧರಣಿ ಕೂರುತ್ತಿದ್ದಾರೆ. ಹಾಗಾಗಿ ನಮ್ಮ ಮನೆಯಲ್ಲಿ ಯಾವ ವಸ್ತುವಿನ ಬಗ್ಗೆ ಮಾತು ಬಂದರೂ ಪಹಣಿ ಯಾರ ಹೆಸರಲ್ಲಿದೆ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಅಪ್ಪ ಹೈಸ್ಕೂಲು ಮೇಷ್ಟರಾಗಿದ್ದಾಗ, 2006ರಲ್ಲಿ, ಆ ಮುಳುಗಿದ ಊರುಗಳ ಬಗ್ಗೆ ಬರೆಯಲು ಶುರು ಮಾಡಿದ್ದೇ ಈ ಸೈಟು. ಯಾವ ಕೇರಿಯಲ್ಲಿ ಯಾರ ಮನೆ ಇತ್ತು, ಮನೆಗಳಿಗೆ ಏನೇನು ಹೆಸರು, ಯಾವ ಹಳ್ಳ ಎಲ್ಲಿ ಹೊಳೆ ಸೇರುತ್ತಿತ್ತು ಇಂಥದ್ದು. ಓದುಗರು ದಿನಕ್ಕೆ ಹತ್ತು ಹದಿನೈದು ಜನ. ಆದರೆ ಕಮೆಂಟುಗಳು ನೋಡಬೇಕು. ಭದ್ರಾವತಿ, ಶಿಕಾರಿಪುರ, ಹೊಸನಗರ, ದುಬೈ, ಕ್ಯಾಲಿಫೋರ್ನಿಯಾ ಎಲ್ಲೆಲ್ಲಿಂದಲೋ ಮುಳುಗಡೆಯವರ ಮಕ್ಕಳು ಮೊಮ್ಮಕ್ಕಳು ಬಂದು, "ನಮ್ಮದು ಕಟ್ಟೆಮನೆ, ನಿಮ್ಮ ಅಜ್ಜನಿಗೆ ನಮ್ಮ ಅಜ್ಜ ದಾಯಾದಿ" ಎಂದು ಬರೆದು ಹೋಗುತ್ತಾರೆ. ಬರಹಕ್ಕಿಂತ ಕಮೆಂಟುಗಳೇ ಸೈಟಿನ ಆಸ್ತಿ ಎಂದು ಅಪ್ಪನೇ ಹೇಳುತ್ತಾರೆ.

ಆ ಸಂಜೆ ಮನೆಗೆ ಬಂದು ಹುಡುಕಿದರೆ, ಸೈಟು ನಮ್ಮ ಯಾರ ಹೆಸರಲ್ಲೂ ಇರಲಿಲ್ಲ.

ಪಹಣಿ, ಬಾಡಿಗೆ, ಸಾಮಾನು

ಹೋಸ್ಟಿಂಗ್ ಎಂದರೆ ಬಾಡಿಗೆ ಮನೆ ಎಂದು ಎಲ್ಲರೂ ವಿವರಿಸುತ್ತಾರೆ. ನಾನೂ ಅಪ್ಪನಿಗೆ ಹಾಗೇ ಹೇಳಿದ್ದೆ. ಆಮೇಲೆ ಅದರಿಂದ ಆದ ಗೊಂದಲವೇ ಜಾಸ್ತಿ. ಬಾಡಿಗೆ ಮನೆಯಲ್ಲಿ ವಿಳಾಸ ಮನೆಯದ್ದು, ಸಾಮಾನು ನಮ್ಮದು. ಇಲ್ಲಿ ವಿಳಾಸವೂ ಬೇರೆಯೇ ಒಂದು ಆಸ್ತಿ. ಡೊಮೈನ್ ಹೆಸರನ್ನು ರಿಜಿಸ್ಟ್ರಾರ್ ಎಂಬವನ ಹತ್ತಿರ ವರ್ಷಕ್ಕಿಷ್ಟು ಎಂದು ಕಟ್ಟಿ ನಮ್ಮ ಹೆಸರಿಗೆ ಬರೆಸಿಕೊಳ್ಳಬೇಕು. ಆ ಹೆಸರು ಯಾವ ಯಂತ್ರವನ್ನು ತೋರಿಸಬೇಕು ಎಂಬುದನ್ನು ಡಿಎನ್‌ಎಸ್ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ ಬರೆದಿಡಬೇಕು. ಆ ಯಂತ್ರದಲ್ಲಿ ಜಾಗ ಕೊಡುವವನು ಹೋಸ್ಟು. ಮೂರೂ ಕೆಲಸವನ್ನು ಒಬ್ಬನೇ, ಒಂದೇ ಬಿಲ್ಲಿನಲ್ಲಿ, "ಡೊಮೈನ್ ಉಚಿತ" ಎಂದು ಕೊಡುವುದರಿಂದ ನಮಗೆ ಎಲ್ಲವೂ ಒಂದೇ ಅನಿಸುತ್ತದೆ. ಬಿಟ್ಟು ಹೋಗುವ ದಿನ ಬಂದಾಗಲೇ ಹೊಲಿಗೆಗಳು ಕಾಣುವುದು.

2006ರಲ್ಲಿ ಸೈಟು ಮಾಡಿಕೊಟ್ಟವನು ಅತ್ತೆಯ ಮಗ. ಆಗ ಅವನು ಇಂಜಿನಿಯರಿಂಗ್ ಓದುತ್ತಿದ್ದ. ಹೋಸ್ಟಿಂಗ್ ಜೊತೆ ಉಚಿತವಾಗಿ ಬಂದ ಡೊಮೈನನ್ನು ತನ್ನ ಖಾತೆಯಲ್ಲಿ, ತನ್ನ ಕಾಲೇಜಿನ ಮೇಲ್ ವಿಳಾಸ ಕೊಟ್ಟು ತೆಗೆದುಕೊಂಡಿದ್ದ. ಅವನ ತಪ್ಪೇನಿಲ್ಲ, ಆ ವಯಸ್ಸಿನಲ್ಲಿ ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ಈಗ ಅವನು ಕೆನಡಾದಲ್ಲಿದ್ದಾನೆ, ಕಾಲೇಜಿನ ಮೇಲ್ ಯಾವತ್ತೋ ಸತ್ತಿದೆ. ಮೊದಲಾದರೆ ಹೂಈಸ್ ಎಂಬಲ್ಲಿ ಹೆಸರು ಹಾಕಿದರೆ ಡೊಮೈನಿನ ಒಡೆಯನ ಹೆಸರು, ಊರು, ಫೋನು ಎಲ್ಲ ಕಾಣುತ್ತಿತ್ತು. ಹಳ್ಳಿಯ ಭೂಮಿ ಆನ್‌ಲೈನ್ ಪಹಣಿಯಲ್ಲಿ ಕಾಣುವ ಹಾಗೆ. 2018ರ ಮೇ ತಿಂಗಳಲ್ಲಿ ಯುರೋಪಿನ ಖಾಸಗಿತನದ ಕಾನೂನು ಬಂದ ಮೇಲೆ ಹೆಚ್ಚಿನವು ಮುಚ್ಚಿಹೋದವು. ನಮ್ಮದನ್ನು ನೋಡಿದರೆ ಕಂಡದ್ದು ರಿಜಿಸ್ಟ್ರಾರ್ ಹೆಸರು ಮತ್ತು ಮುಗಿಯುವ ತಾರೀಖು ಮಾತ್ರ.

ಕೆನಡಾದಲ್ಲಿ ರಾತ್ರಿ, ಇಲ್ಲಿ ಬೆಳಿಗ್ಗೆ. ಅವನು ಹಳೆಯ ಪಾಸ್‌ವರ್ಡು ನೆನಪು ಮಾಡಿಕೊಂಡು, ಗುರುತಿನ ಚೀಟಿ ಕಳಿಸಿ, ಮೇಲ್ ವಿಳಾಸ ಬದಲಾಯಿಸಿ, ಕೊನೆಗೂ ಒಳಗೆ ಹೋದ. ಡಾಟ್ ಕಾಮ್ ಹೆಸರನ್ನು ಒಬ್ಬ ರಿಜಿಸ್ಟ್ರಾರ್‌ನಿಂದ ಇನ್ನೊಬ್ಬನಿಗೆ ಸಾಗಿಸಲು ಮೊದಲು ಬೀಗ ತೆಗೆಯಬೇಕು, ಆಮೇಲೆ ಅಧಿಕಾರದ ಕೋಡ್ ಒಂದನ್ನು ಪಡೆಯಬೇಕು. ಆದರೆ ಒಡೆಯನ ವಿವರವನ್ನು ಮೊದಲು ತಿದ್ದಿಬಿಟ್ಟರೆ ಅರವತ್ತು ದಿನ ಮತ್ತೆ ಬೀಗ ಬೀಳಬಹುದು. ಕದ್ದವನು ಹೆಸರು ಬದಲಿಸಿ ಮರುದಿನವೇ ಪರಾರಿಯಾಗದಿರಲಿ ಎಂಬ ಒಳ್ಳೆಯ ಉದ್ದೇಶದ ನಿಯಮವೇ. ಇದು ತಿಳಿಯದೆ ಅತ್ತೆಯ ಮಗ ಉತ್ಸಾಹದಲ್ಲಿ ಮೊದಲು ಅಪ್ಪನ ಹೆಸರು ಹಾಕಿಬಿಟ್ಟ. ಬೀಗ ಬಿತ್ತು. ಅಪ್ಪನಿಗೆ ಹೇಳಿದೆ. "ಖಾತೆ ಬದಲಾಯ್ತಲ್ಲ, ಸಾಕು ಬಿಡು, ಅರವತ್ತು ವರ್ಷ ಕಾದವರಿಗೆ ಅರವತ್ತು ದಿನ ಎಂತದು" ಎಂದರು. ಅವರ ಮಾತಿನಲ್ಲಿ ಅರ್ಧ ತಮಾಷೆ ಮಾತ್ರ ಇತ್ತು.

ಅದೃಷ್ಟಕ್ಕೆ ಹೋಸ್ಟು ಬದಲಿಸಲು ರಿಜಿಸ್ಟ್ರಾರನ್ನು ಬದಲಿಸಲೇಬೇಕೆಂದಿಲ್ಲ. ಹೆಸರು ಇದ್ದಲ್ಲೇ ಇರಲಿ, ಅದು ಬೆರಳು ತೋರಿಸುವ ದಿಕ್ಕು ಬದಲಾದರೆ ಸಾಕು. ಇದು ಎಷ್ಟು ಜನಕ್ಕೆ ಗೊತ್ತಿಲ್ಲ ಎಂದರೆ, ಡೊಮೈನು ಅಲ್ಲಿದೆ ಎಂಬ ಒಂದೇ ಕಾರಣಕ್ಕೆ ಕೆಟ್ಟ ಹೋಸ್ಟಿಂಗಿಗೆ ವರ್ಷಗಟ್ಟಲೆ ದುಡ್ಡು ಸುರಿಯುತ್ತಿರುವ ಮೂರು ಸಂಘಸಂಸ್ಥೆಗಳು ನನ್ನ ಪರಿಚಯದಲ್ಲೇ ಇವೆ.

ಎಲ್ಲಿಗೆ ಹೋಗುವುದು

ಇಪ್ಪತ್ತೊಂದು ಸಾವಿರದ ಲೆಕ್ಕ ಹೀಗೆ: ಮೊದಲ ಮೂರು ವರ್ಷ ತಿಂಗಳಿಗೆ 149 ರೂಪಾಯಿ ಎಂದು ತೋರಿಸಿ ಸೇರಿಸಿಕೊಂಡಿದ್ದ ಕಂಪನಿ, ನವೀಕರಣಕ್ಕೆ 499ರಂತೆ 36 ತಿಂಗಳದ್ದನ್ನು ಒಟ್ಟಿಗೆ ಕೇಳಿತ್ತು, ಮೇಲೆ ಶೇ. 18 ಜಿಎಸ್‌ಟಿ. ದರ ಮೋಸವೇನಲ್ಲ, ಸಣ್ಣ ಅಕ್ಷರದಲ್ಲಿ ಬರೆದೇ ಇತ್ತು. ಅದೇ ಸಣ್ಣ ಅಕ್ಷರದಲ್ಲಿ "ಅನ್‌ಲಿಮಿಟೆಡ್ ಜಾಗ" ಎಂಬುದರ ಅರ್ಥವೂ ಇತ್ತು. ಜಾಗಕ್ಕೆ ಮಿತಿಯಿಲ್ಲ, ಆದರೆ ಕಡತಗಳ ಸಂಖ್ಯೆಗೆ ಮಿತಿಯಿದೆ. ಶೇರ್ಡ್ ಹೋಸ್ಟಿಂಗಿನಲ್ಲಿ ಒಂದೇ ಯಂತ್ರದಲ್ಲಿ ನೂರಾರು ಸೈಟುಗಳು ಇರುತ್ತವೆ, ಪ್ರತಿಯೊಂದಕ್ಕೂ ಪ್ರೊಸೆಸರ್ ಎಷ್ಟು, ಮೆಮೊರಿ ಎಷ್ಟು ಎಂಬ ಕಡಿವಾಣ ಇರುತ್ತದೆ. ಮದುವೆ ಛತ್ರದ ಊಟದ ಹಾಗೆ, ಎಲ್ಲರೂ ಒಂದೇ ಪಂಕ್ತಿಗೆ ಬರುವುದಿಲ್ಲ ಎಂಬ ಧೈರ್ಯದ ಮೇಲೆ ಅನ್‌ಲಿಮಿಟೆಡ್ ನಡೆಯುತ್ತದೆ.

ನಾನು ಸಾಫ್ಟ್‌ವೇರಿನವನಾದ್ದರಿಂದ ಜಂಬಕ್ಕೆ ಮೊದಲು ಹೋದದ್ದು ವಿಪಿಎಸ್ ಕಡೆಗೆ. ಮುಂಬೈಯಲ್ಲಿರುವ ಒಂದು ಯಂತ್ರದ ಪಾಲು, ಪೂರ್ತಿ ನನ್ನ ಕೈಯಲ್ಲಿ. ಪರೀಕ್ಷೆಗೆಂದು ಸೈಟಿನ ನಕಲನ್ನು ಅಲ್ಲಿ ಹಾಕಿದೆ. ಮುಖಪುಟ ಚಕ್ಕನೆ ತೆರೆಯಿತು, ಒಳಗಿನ ಯಾವ ಬರಹ ಒತ್ತಿದರೂ 404, ಅಂದರೆ ಪುಟವೇ ಸಿಗುವುದಿಲ್ಲ. ಹಳೆಯ ಕಡೆ ಪುಟಗಳನ್ನು ಬಡಿಸುತ್ತಿದ್ದ ತಂತ್ರಾಂಶ ಅಪಾಚೆ, ವಿಳಾಸಗಳನ್ನು ತಿರುಗಿಸುವ ನಿಯಮವೆಲ್ಲ ಡಾಟ್ ಎಚ್‌ಟಿಆಕ್ಸೆಸ್ ಎಂಬ ಅಡಗು ಕಡತದಲ್ಲಿತ್ತು. ಅದೇ ಕೆಲಸಕ್ಕೆ ನಾನು ಹಾಕಿಕೊಂಡಿದ್ದ ಎಂಜಿನ್‌ಎಕ್ಸ್ ಅದನ್ನು ಓದುವುದೇ ಇಲ್ಲ. ಅದನ್ನು ಸರಿ ಮಾಡಿದೆ. ಮರುದಿನ ಲಾಗ್ ನೋಡಿದರೆ ರಾತ್ರಿಯಿಡೀ ಯಾರು ಯಾರೋ ರೂಟ್ ಪಾಸ್‌ವರ್ಡ್ ಊಹಿಸುತ್ತ ಬಾಗಿಲು ಬಡಿದಿದ್ದಾರೆ. ನನ್ನ ಮೇಲೆ ದ್ವೇಷವಿದ್ದವರೇನಲ್ಲ, ಜಗತ್ತಿನ ಪ್ರತಿ ಬಾಗಿಲನ್ನೂ ಬಡಿಯುತ್ತ ಹೋಗುವ ಯಂತ್ರಗಳು. ಅದಕ್ಕೂ ಉಪಾಯವಿದೆ. ಆದರೆ ಹದಿನೈದು ಓದುಗರ ಸೈಟಿಗೆ ನಾನೇ ಗೂರ್ಖಾ, ನಾನೇ ಪ್ಲಂಬರ್, ನಾನೇ ಎಲೆಕ್ಟ್ರಿಷಿಯನ್ ಆಗುವುದು ಯಾಕೆ? ನನಗೆ ಜ್ವರ ಬಂದ ವಾರ ಅಪ್ಪನ ಸೈಟಿಗೂ ಜ್ವರ. ಎರಡು ವಾರದಲ್ಲಿ ಜಂಬ ಇಳಿಯಿತು. ಮತ್ತೆ ಸಾಧಾರಣ ಶೇರ್ಡ್ ಹೋಸ್ಟಿಂಗನ್ನೇ ತೆಗೆದುಕೊಂಡೆ. ಈ ಸಲ ನೋಡಿದ್ದು ಮೂರು ಸಂಗತಿ: ನವೀಕರಣದ ದರ, ಕಮಾಂಡ್‌ಲೈನಿಗೆ (ಯಂತ್ರಕ್ಕೆ ನೇರವಾಗಿ ಆದೇಶ ಬರೆಯುವುದಕ್ಕೆ) ಬಿಡುತ್ತಾರೋ ಇಲ್ಲವೋ, ಹೊರಡುವಾಗ ಎಲ್ಲವನ್ನೂ ಕಟ್ಟಿಕೊಂಡು ಹೋಗಲು ಬಿಡುತ್ತಾರೋ ಇಲ್ಲವೋ. ಹೆಣ್ಣು ಕೊಡುವಾಗಲೇ ತವರಿನ ದಾರಿ ನೋಡಿಟ್ಟುಕೊಳ್ಳುವ ಹಾಗೆ.

ತಲೆಯ ಮೇಲೆ ಓರೆಗೆರೆ ಹೊತ್ತ ಅಕ್ಷರ

ಸಾಮಾನು ಕಟ್ಟುವುದು ಸುಲಭ ಎಂದುಕೊಂಡಿದ್ದೆ. ಅಪ್ಪನ ಸೈಟು ನಡೆಯುವುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ, ಅಂಥ ಸೈಟಿನಲ್ಲಿ ಇರುವುದು ಎರಡೇ ಗಂಟು. ಫೋಟೊ, ಥೀಮು, ಪ್ಲಗಿನ್ನುಗಳ ಕಡತಗಳು ಒಂದು. ಬರಹ ಮತ್ತು ಕಮೆಂಟುಗಳಿರುವ ಡೇಟಾಬೇಸ್ ಇನ್ನೊಂದು. ಅಪ್ಪನ ಹದಿನೆಂಟು ವರ್ಷದ ಬರವಣಿಗೆಯೆಲ್ಲ ಸೇರಿ 11 ಎಂಬಿ. ಫೋಟೊ 1.4 ಜಿಬಿ. ಡೇಟಾಬೇಸ್ ನೋಡಿಕೊಳ್ಳುವ ಪಿಎಚ್‌ಪಿಮೈಅಡ್ಮಿನ್ ತೆರೆದು ಎಕ್ಸ್‌ಪೋರ್ಟ್ ಒತ್ತಿ, ಹೊಸ ಕಡೆ ಇಂಪೋರ್ಟ್ ಒತ್ತಿ, ಪುಟ ತೆರೆದೆ.

ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ಸಾಲು ಸಾಲು ಇಂಗ್ಲಿಷಿನ ಸಣ್ಣ ಎ, ಪ್ರತಿಯೊಂದರ ತಲೆಯ ಮೇಲೂ ಒಂದು ಓರೆಗೆರೆ, ಪಕ್ಕದಲ್ಲಿ ಗಣಿತದ ವರ್ಗದ ಹಾಗೆ ಮೇಲಕ್ಕೆ ಕುಳಿತ ಪುಟ್ಟ 2 ಅಥವಾ ಪುಟ್ಟ 3. ನಡುನಡುವೆ ದಪ್ಪ ಚುಕ್ಕೆ, ತಲೆಕೆಳಗಾದ ಆಶ್ಚರ್ಯಸೂಚಕ. ಬಹಳ ಹೊತ್ತು ನೋಡಿದ ಮೇಲೆ ಅದರಲ್ಲೊಂದು ಲಯ ಕಾಣಿಸಿತು. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಅಕ್ಷರಚಿಹ್ನೆಗೂ ಮೂರು ಬೈಟು. ಮೊದಲನೆಯದು ಎಲ್ಲಕ್ಕೂ ಒಂದೇ, ಅದೇ ಆ ಓರೆಗೆರೆ ಹೊತ್ತ ಎ. ಎರಡನೆಯದು ಎರಡರಲ್ಲೊಂದು. ಸ್ವರ, ವ್ಯಂಜನ ಮತ್ತು ಕೊಂಬಿಲ್ಲದ ಮೊದಲ ಒಂದೆರಡು ಗುಣಿತ ಚಿಹ್ನೆಗಳಿಗೆ ಪುಟ್ಟ 2, ಉಳಿದ ಗುಣಿತ ಚಿಹ್ನೆ ಮತ್ತು ಒತ್ತಿಗೆ ಪುಟ್ಟ 3. ಮೂರನೆಯದು ಆಯಾ ಅಕ್ಷರದ್ದು: 'ಕ' ಬಂದಲ್ಲೆಲ್ಲ ದಪ್ಪ ಚುಕ್ಕೆ, 'ಡ' ಬಂದಲ್ಲೆಲ್ಲ ತಲೆಕೆಳಗಿನ ಆಶ್ಚರ್ಯಸೂಚಕ. ಅಂದರೆ ಕನ್ನಡ ಎಲ್ಲೂ ಹೋಗಿರಲಿಲ್ಲ. ಬೇರೆ ವೇಷ ಹಾಕಿ ನಿಂತಿತ್ತು, ಅಷ್ಟೆ.

ಯಾಕೆ ಹೀಗಾಯಿತೆಂದರೆ ಅದು 2006ರ ಕತೆ. ಆಗಿನ ವರ್ಡ್‌ಪ್ರೆಸ್ ತನ್ನ ಡೇಟಾಬೇಸಿಗೆ ಯಾವ ಲಿಪಿಸಂಕೇತ ಎಂದು ಹೇಳುತ್ತಲೇ ಇರಲಿಲ್ಲ. ಆ ಸಾಲು ಸೆಟ್ಟಿಂಗಿನಲ್ಲಿ ಬಂದದ್ದು 2007ರ 2.2 ಆವೃತ್ತಿಯಲ್ಲಿ. ಹೇಳದಿದ್ದಾಗ ಡೇಟಾಬೇಸಿನ ತಂತ್ರಾಂಶವಾದ ಮೈಎಸ್‌ಕ್ಯುಎಲ್ ತನ್ನ ರೂಢಿಯಂತೆ ಲ್ಯಾಟಿನ್-1 (ಯುರೋಪಿನ ಭಾಷೆಗಳ ಲಿಪಿಸಂಕೇತ) ಎಂದು ಹಣೆಪಟ್ಟಿ ಹಚ್ಚಿ ಇಟ್ಟುಕೊಂಡಿತು. ಒಳಗೆ ಕನ್ನಡ, ಡಬ್ಬಿಯ ಮೇಲೆ ಲ್ಯಾಟಿನ್ ಎಂಬ ಚೀಟಿ. ಅಡುಗೆಮನೆಯಲ್ಲಿ ಬೋರ್ನ್‌ವಿಟಾ ಡಬ್ಬಿಯಲ್ಲಿ ಸಾಸಿವೆ ಇಟ್ಟ ಹಾಗೆ. ಇಟ್ಟವಳೇ ತೆಗೆಯುವ ತನಕ ತೊಂದರೆಯಿಲ್ಲ, ಹದಿನೆಂಟು ವರ್ಷ ಒಗ್ಗರಣೆ ಸರಿಯಾಗೇ ಬಿತ್ತು. ನಾನು ಬಂದು ಚೀಟಿ ನಂಬಿದೆ. ಎಕ್ಸ್‌ಪೋರ್ಟ್ ಮಾಡುವ ತಂತ್ರಾಂಶ "ಓಹೋ ಲ್ಯಾಟಿನ್, ಇದನ್ನು ಯುಟಿಎಫ್-8ಕ್ಕೆ ಪರಿವರ್ತಿಸೋಣ" ಎಂದು ಮೊದಲೇ ಯುಟಿಎಫ್-8 ಆಗಿದ್ದುದನ್ನು ಇನ್ನೊಮ್ಮೆ ಪರಿವರ್ತಿಸಿತು. ಇಂಗ್ಲಿಷ್ ಸೈಟುಗಳಲ್ಲಿ ಇದೇ ತಪ್ಪಾದರೆ ಅಲ್ಲೊಂದು ಇಲ್ಲೊಂದು ಉದ್ಧರಣ ಚಿಹ್ನೆ ಕೆಡುತ್ತದೆ, ಜನ ಗಮನಿಸುವುದೂ ಇಲ್ಲ. ನಮಗೆ ಪುಟಕ್ಕೆ ಪುಟವೇ ಹೋಗುತ್ತದೆ. ಹೊಸ ಹೋಸ್ಟಿನ ಸಹಾಯವಾಣಿಯ ಹುಡುಗ ಚಾಟ್‌ನಲ್ಲಿ ಪುಟ ನೋಡಿ, "ಸರ್, ಕನ್ನಡ ಫಾಂಟ್ ಇನ್‌ಸ್ಟಾಲ್ ಮಾಡಿ" ಎಂದ. ಪಾಪ, ಅವನಿಗೆ ಕೊಟ್ಟ ಉತ್ತರಗಳ ಪಟ್ಟಿಯಲ್ಲಿ ಅದೇ ಇತ್ತೇನೋ.

ಉಪಾಯ ಒಂದು ಸುಳ್ಳನ್ನು ಅದೇ ಸುಳ್ಳಿನಿಂದ ಹೊರತೆಗೆಯುವುದು. ಕಮಾಂಡ್‌ಲೈನಿನಿಂದ ಡೇಟಾಬೇಸನ್ನು ಕಡತವಾಗಿ ಇಳಿಸುವ ಮೈಎಸ್‌ಕ್ಯುಎಲ್‌ಡಂಪ್ ಓಡಿಸುವಾಗ, ನಾನೂ ಲ್ಯಾಟಿನ್-1 ಮಾತಾಡುವವನೇ ಎಂದು ಹೇಳಬೇಕು. ಆಗ ಅದು ಏನನ್ನೂ ಪರಿವರ್ತಿಸದೆ ಒಳಗಿರುವ ಬೈಟುಗಳನ್ನು ಇದ್ದ ಹಾಗೆ ಕೊಡುತ್ತದೆ. ಆ ಕಡತವನ್ನು ಸಾದಾ ಎಡಿಟರಿನಲ್ಲಿ ತೆರೆದರೆ ಅಚ್ಚ ಕನ್ನಡ. ಅದರೊಳಗೆ ಲ್ಯಾಟಿನ್-1 ಎಂದಿರುವ ಚೀಟಿಗಳನ್ನೆಲ್ಲ ಕಿತ್ತು ಯುಟಿಎಫ್-8ಎಂಬಿ4 (ಮೈಎಸ್‌ಕ್ಯುಎಲ್ ಪೂರ್ತಿ ಯುಟಿಎಫ್-8ಕ್ಕೆ ಇಟ್ಟ ಹೆಸರು) ಎಂದು ಹಚ್ಚಿ ಹೊಸ ಕಡೆ ಸುರಿದರೆ ಆಯಿತು. ಹೇಳುವುದಕ್ಕೆ ನಾಲ್ಕು ಸಾಲು, ನನಗೆ ಮೂರು ರಾತ್ರಿ. ಮೂರನೇ ರಾತ್ರಿ ಎರಡು ಗಂಟೆಗೆ "ಹೊಳೆಬಾಗಿಲಿನ ಲಾಂಚು" ಎಂಬ ಶೀರ್ಷಿಕೆ ಶೀರ್ಷಿಕೆಯ ಹಾಗೇ ಕಂಡಾಗ ಒಬ್ಬನೇ ಎದ್ದು ನಿಂತಿದ್ದೆ.

ಜೋಗ ಇಲ್ಲ, ತುಮರಿ ಇದೆ

ಅಕ್ಷರ ಬಂತು. ಫೋಟೊಗಳಲ್ಲಿ ಕೆಲವು ಬರಲಿಲ್ಲ. ಯಾವುವು ಬಂದಿವೆ, ಯಾವುವು ಇಲ್ಲ ಎಂದು ನೋಡಿದರೆ ಯಾವ ಕ್ರಮವೂ ಕಾಣಲಿಲ್ಲ. ತುಮರಿ ಎಂಬ ಹೆಸರಿನ ಫೋಟೊ ಇದೆ, ಜೋಗ ಎಂಬುದು ಇಲ್ಲ. ಕಾರಣ ಹೊಳೆದದ್ದು ಅಪ್ಪನಿಗೇ, ತಮಗೆ ಹೊಳೆದಿದೆ ಎಂದು ಅವರಿಗೆ ಗೊತ್ತಾಗಲಿಲ್ಲ ಅಷ್ಟೆ. "ದೀರ್ಘ ಇದ್ದದ್ದೆಲ್ಲ ಹೋಗಿದೆಯಲ್ಲೋ" ಎಂದರು. ಕಡತಗಳನ್ನು ಇಳಿಸಿಕೊಂಡು ಏರಿಸಲು ನಾನು ಬಳಸಿದ್ದು ಅಣ್ಣನ ಹಳೆಯ ಮ್ಯಾಕ್. ಅದರ ಹಳೆಯ ಕಡತವ್ಯವಸ್ಥೆ ಹೆಸರಿನಲ್ಲಿರುವ ಅಕ್ಷರಗಳನ್ನು ಬಿಡಿಸಿ ಇಡುತ್ತದೆ. 'ಜೋ' ಎಂದು ನಾವು ಬರೆಯುವಲ್ಲಿನ 'ಓ' ಚಿಹ್ನೆ ಯೂನಿಕೋಡಿನಲ್ಲಿ ಒಂದೇ ಸಂಕೇತ. ಮ್ಯಾಕ್ ಅದನ್ನು ಎತ್ವ, ಕೊಂಬಿನ ದೀರ್ಘ, ಆಮೇಲೆ ದೀರ್ಘದ ಗೆರೆ ಎಂದು ಮೂರು ತುಂಡು ಮಾಡಿ ಇಟ್ಟಿತ್ತು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಹೊಸ ಸರ್ವರಿನ ಲಿನಕ್ಸಿಗೆ ಅವು ಬೇರೆ ಬೇರೆ ಹೆಸರು. ಪುಟ ಒಂದು 'ಜೋಗ' ಕೇಳುತ್ತದೆ, ಕಪಾಟಿನಲ್ಲಿ ಇರುವುದು ಇನ್ನೊಂದು 'ಜೋಗ'. ತುಮರಿಯಲ್ಲಿ ಬಿಡಿಸಲು ಏನೂ ಇರಲಿಲ್ಲ, ಅದು ಪಾರಾಯಿತು. ಒಂದನೇ ಕ್ಲಾಸಿನಲ್ಲಿ ಕಾಗುಣಿತ ಬರೆಸುವಾಗ ಅಕ್ಕೋರು ಕೊಡುತ್ತಿದ್ದ ಏತ್ವ, ಓತ್ವದ ವಿವರಣೆಯನ್ನು ಒಂದು ಕಂಪ್ಯೂಟರ್ ಇಷ್ಟು ಶ್ರದ್ಧೆಯಿಂದ ಪಾಲಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಂಥದ್ದೇ ಇನ್ನೊಂದು, ಕೊಂಡಿಗಳದ್ದು. ವರ್ಡ್‌ಪ್ರೆಸ್ ಬರಹದ ಶೀರ್ಷಿಕೆಯಿಂದಲೇ ವಿಳಾಸ ಮಾಡುತ್ತದೆ. ಕನ್ನಡದಲ್ಲಾದರೆ ಪ್ರತಿ ಬೈಟಿಗೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕೆ-ಅಕ್ಷರ, ಒಂದು ಅಕ್ಷರಚಿಹ್ನೆಗೆ ಒಟ್ಟು ಒಂಬತ್ತು ಅಕ್ಷರದ ಜಾಗ. ವಿಳಾಸ ಇಡುವ ಡೇಟಾಬೇಸಿನ ಖಾನೆಯಲ್ಲಿ ಇರುವುದು 200ರ ಜಾಗ. ಇಪ್ಪತ್ತೆರಡು ಚಿಹ್ನೆಗೆ ಕತ್ತರಿ. ಹೀಗಾಗಿ ಅಪ್ಪನ ಉದ್ದುದ್ದ ಶೀರ್ಷಿಕೆಗಳ ವಿಳಾಸಗಳೆಲ್ಲ ಮಾತಿನ ನಡುವೆ ನಿಲ್ಲುತ್ತವೆ. ವಾಟ್ಸ್ಯಾಪಿನಲ್ಲಿ ಕಳಿಸಿದರೆ ಇಡೀ ಪರದೆ ಶೇಕಡಾ ಚಿಹ್ನೆ. ಹೊಸ ಜಾಗದಲ್ಲಿ ಇದನ್ನೆಲ್ಲ ಚಿಕ್ಕ ಇಂಗ್ಲಿಷ್ ವಿಳಾಸ ಮಾಡಿಬಿಡೋಣ ಎಂದೆ. ಅಪ್ಪ ಒಪ್ಪಲಿಲ್ಲ. ಹದಿನೆಂಟು ವರ್ಷದಿಂದ ಯಾರು ಯಾರೋ ಆ ಕೊಂಡಿಗಳನ್ನು ಎಲ್ಲೆಲ್ಲೋ ಇಟ್ಟುಕೊಂಡಿದ್ದಾರೆ, ಹುಡುಕಿ ಬಂದವರಿಗೆ ಮನೆ ಇದ್ದಲ್ಲಿ ನೀರು ಕಾಣಬಾರದು ಎಂದರು. ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಎರಡು ಸೈಟಿನ ಭಾನುವಾರ

ಬಾಡಿಗೆ ಮನೆಯ ಹೋಲಿಕೆ ಪೂರ್ತಿ ಕೈಕೊಡುವುದು ಡಿಎನ್‌ಎಸ್ ಬದಲಿಸುವ ದಿನ. ಮನೆ ಬದಲಿಸಿದರೆ ಹಳೆ ಮನೆ ಖಾಲಿಯಾಗುತ್ತದೆ. ಇಲ್ಲಿ ನಾವು ಸಾಗಿಸುವುದು ನಕಲನ್ನು. ಹಳೆಯದು ಅಲ್ಲೇ ಇರುತ್ತದೆ, ದೀಪ ಉರಿಯುತ್ತಿರುತ್ತದೆ, ಬಾಗಿಲು ತೆರೆದಿರುತ್ತದೆ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ನೋಡಿದವರಿಗೆ ಇದು ಅರ್ಥವಾದೀತು. 1948ರಲ್ಲಿ ಮುಗಿದ ಅಣೆಕಟ್ಟು ಅದು. 1964ರಲ್ಲಿ ಲಿಂಗನಮಕ್ಕಿ ಬಂದ ಮೇಲೆ ಇಡೀ ಅಣೆಕಟ್ಟೇ ಹೊಸ ನೀರಿನಡಿ ಮುಳುಗಿತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಹಳೆಯ ಕಟ್ಟೆ ಗಟ್ಟಿಮುಟ್ಟಾಗಿ ಎದ್ದು ಬರುತ್ತದೆ, ಜನ ಅದರ ಮೇಲೆ ನಡೆದು ಫೋಟೊ ತೆಗೆಸಿಕೊಳ್ಳುತ್ತಾರೆ.

ಡೊಮೈನಿನ ಹೆಸರಿಗೆ ಯಾವ ಯಂತ್ರ ಎಂಬ ಉತ್ತರವನ್ನು ಪ್ರತಿ ಇಂಟರ್ನೆಟ್ ಕಂಪನಿಯೂ ಒಂದಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಎಷ್ಟು ಹೊತ್ತು ಎಂಬುದನ್ನು ನಾವೇ ಸೆಕೆಂಡುಗಳಲ್ಲಿ ಬರೆದಿರುತ್ತೇವೆ, ಅದಕ್ಕೆ ಟಿಟಿಎಲ್ ಎನ್ನುತ್ತಾರೆ. ನಮ್ಮದು 86,400 ಎಂದಿತ್ತು, ಅಂದರೆ ಪೂರ್ತಿ ಒಂದು ದಿನ. ಎರಡು ದಿನ ಮೊದಲೇ ಅದನ್ನು 300ಕ್ಕೆ ಇಳಿಸಿಟ್ಟಿದ್ದರೆ ಬದಲಾವಣೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ನನಗೆ ಇದು ಗೊತ್ತಿಲ್ಲದ್ದೇನಲ್ಲ, ಕೆಲಸದಲ್ಲಿ ಬೇರೆಯವರಿಗೆ ನೂರು ಸಲ ಹೇಳಿದ್ದೇನೆ. ಶನಿವಾರ ರಾತ್ರಿ ಬದಲಿಸಿದ ಮೇಲೆ ನೆನಪಾಯಿತು. ಭಾನುವಾರ ಬೆಂಗಳೂರಿನಲ್ಲಿ ನಾನು ಹೊಸ ಸೈಟು ನೋಡುತ್ತಿದ್ದೆ, ಸಾಗರದಲ್ಲಿ ಅಪ್ಪ ಹಳೆಯದನ್ನು ನೋಡುತ್ತಿದ್ದರು. ಇಬ್ಬರೂ ಒಂದೇ ಹೆಸರು ಒತ್ತಿ, ಫೋನಿನಲ್ಲಿ ವಾದ ಮಾಡುತ್ತಿದ್ದೆವು. ಹಳೆಯ ಹೋಸ್ಟಿನಲ್ಲೇ ಇದ್ದ ಸೈಟಿನ ಮೇಲ್‌ಬಾಕ್ಸನ್ನು ಮರೆತದ್ದು, ಎರಡು ದಿನದ ಮೇಲ್ ಎಲ್ಲಿಗೋ ಹೋದದ್ದು ಬೇರೆ ಕತೆ. ಅದನ್ನು ಹೇಳಿಕೊಳ್ಳಲು ನಾಚಿಕೆ.

ಹತ್ತು ದಿನ ಬಿಟ್ಟು, ಹಳೆಯ ಖಾತೆ ಮುಚ್ಚುವ ಮೊದಲು, ಸುಮ್ಮನೆ ಒಮ್ಮೆ ಇಣುಕಿದೆ. ಕಮೆಂಟುಗಳಲ್ಲಿ ಒಂದು ಜಾಸ್ತಿ ಇತ್ತು. ಆ ಭಾನುವಾರ ಮಧ್ಯಾಹ್ನ ಹಳೆಯ ಸೈಟಿಗೆ ಬಂದ ಯಾರೋ ಒಬ್ಬರು, ತಮ್ಮ ಅಜ್ಜಿಯ ತವರು ಮನೆಯ ಅಂಗಳದಲ್ಲಿ ಎರಡು ಸುರಗಿ ಮರ ಇದ್ದವೆಂದೂ, ಅಪ್ಪ ಬರೆದ ನಕ್ಷೆಯಲ್ಲಿ ಒಂದೇ ಇದೆಯೆಂದೂ ಬರೆದಿದ್ದರು. ಬೆಂಗಳೂರಿನಿಂದ ನೋಡಿದ್ದರೆ ಹೊಸದಕ್ಕೆ ಬೀಳುತ್ತಿತ್ತು. ಅವರ ಊರಿನ ನೆಟ್‌ವರ್ಕಿನ ನೆನಪು ಗಟ್ಟಿಯಿದ್ದುದರಿಂದ ಮುಚ್ಚಿಹೋಗಲಿದ್ದ ಮನೆಯಲ್ಲಿ ಬರೆದಿಟ್ಟು ಹೋಗಿದ್ದರು. ಅದನ್ನು ಕೈಯಿಂದ ಒಂದೊಂದೇ ಖಾನೆ ನಕಲು ಮಾಡಿ ಹೊಸದಕ್ಕೆ ಸೇರಿಸಿದೆ, ಸಮಯವೂ ತಪ್ಪದ ಹಾಗೆ. ಅಪ್ಪ ನಕ್ಷೆಯಲ್ಲಿ ಎರಡನೇ ಸುರಗಿ ಮರ ಬರೆದರು.

(ಬ್ಯಾಕಪ್ ಬಗ್ಗೆ ಒಂದೇ ಮಾತು. "ದಿನವೂ ಉಚಿತ ಬ್ಯಾಕಪ್" ಎಂದು ಹೋಸ್ಟುಗಳು ಬರೆದುಕೊಳ್ಳುತ್ತಾರೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರೊಂದು ಸುಟ್ಟು ಹೋದಾಗ ಸೈಟು ಮತ್ತು ಬ್ಯಾಕಪ್ ಎರಡನ್ನೂ ಬೆಂಕಿಗೆ ಕಳೆದುಕೊಂಡವರಿದ್ದರು. ಆ 11 ಎಂಬಿ ಈಗ ನನ್ನ ಲ್ಯಾಪ್‌ಟಾಪಿನಲ್ಲೂ ಇದೆ, ಅಪ್ಪನ ಗೋದ್ರೆಜ್ ಬೀರುವಿನ ಪೆನ್‌ಡ್ರೈವಿನಲ್ಲೂ ಇದೆ.)

ಏಳು ಮತ್ತು ಆರು

ಎಲ್ಲ ಮುಗಿದ ಮೇಲೂ ಮೂರು ಕಮೆಂಟು ಸರಿಹೋಗಲಿಲ್ಲ. ಅವುಗಳಲ್ಲಿ ಓರೆಗೆರೆ ಹೊತ್ತ ಎ ಇರಲಿಲ್ಲ, ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಮೂರೂ 2009ರ ಒಂದೇ ವಾರದವು. ಅತ್ತೆಯ ಮಗನನ್ನು ಕೇಳಿದೆ. ಆ ವರ್ಷ ಅವನೂ ಒಮ್ಮೆ ಹೋಸ್ಟು ಬದಲಿಸಿದ್ದ, ಸೆಟ್ಟಿಂಗಿನಲ್ಲಿ ಯುಟಿಎಫ್-8 ಎಂಬ ಸಾಲು ಸೇರಿಸಿದ್ದ, ಕನ್ನಡವೆಲ್ಲ ಕೆಟ್ಟಿತೆಂದು ವಾರ ಬಿಟ್ಟು ತೆಗೆದಿದ್ದ. ಆ ಒಂದು ವಾರ ಡಬ್ಬಿಯವಳು, ಅಂದರೆ ವರ್ಡ್‌ಪ್ರೆಸ್, ಸತ್ಯ ಹೇಳಿದ್ದಳು. ಬರುತ್ತಿರುವುದು ಕನ್ನಡ ಎಂದು ಮೈಎಸ್‌ಕ್ಯುಎಲ್‌ಗೆ ಗೊತ್ತಾಯಿತು, ಲ್ಯಾಟಿನ್ ಡಬ್ಬಿಯಲ್ಲಿ ಕನ್ನಡಕ್ಕೆ ಜಾಗವಿಲ್ಲ ಎಂದೂ ಗೊತ್ತಾಯಿತು. ಒಂದೊಂದು ಅಕ್ಷರಚಿಹ್ನೆಯ ಜಾಗದಲ್ಲೂ ಒಂದೊಂದು ಪ್ರಶ್ನಾರ್ಥಕ ಇಟ್ಟು ಮುಂದೆ ಹೋಯಿತು. ವೇಷ ಹಾಕಿದ ಅಕ್ಷರವನ್ನು ವಾಪಸ್ ತರಬಹುದು. ಇದನ್ನು ತರಲಾಗದು, ಆ ಬೈಟುಗಳೇ ಇಲ್ಲ.

ಎರಡು ಕಮೆಂಟು ಚಿಕ್ಕವು. ಬಹುಶಃ "ಅಕ್ಷರ ಕಾಣುತ್ತಿಲ್ಲ" ಎಂಬ ದೂರೇ ಇರಬೇಕು. ಮೂರನೆಯದು ಉದ್ದ. ಬರೆದವರ ಮೇಲ್ ವಿಳಾಸ ಇಂಗ್ಲಿಷಿನಲ್ಲಿದ್ದುದರಿಂದ ಉಳಿದಿತ್ತು. ಬರೆದೆ, ಅಂಥ ವಿಳಾಸ ಇಲ್ಲವೆಂದು ಅದೇ ನಿಮಿಷ ವಾಪಸ್ ಬಂತು. ಮೊದಲ ಸಾಲು ಹೀಗಿದೆ:

???? ???? 1963????? ??????? ??????

ಮುಂದಿನ ಸಾಲಿನಲ್ಲಿ ಒಂದು ಕಡೆ "4 ????" ಎಂದಿದೆ. ಪದಗಳ ನಡುವಿನ ಜಾಗ, ಅಂಕೆಗಳು, ಚುಕ್ಕೆ ಎಲ್ಲ ಇದ್ದಲ್ಲೇ ಇವೆ.

ಒಂದು ಚಿಹ್ನೆಗೆ ಒಂದು ಪ್ರಶ್ನಾರ್ಥಕ, ಒತ್ತಕ್ಷರಕ್ಕೆ ನಡುವೆ ಒಂದು ಹೆಚ್ಚು ಎಂದು ನಾನು ಬಾಯಿಮಾತಿಗೆ ಹೇಳಿದ್ದೇ ತಪ್ಪಾಯಿತು. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ಆ ಕಮೆಂಟನ್ನು ಪ್ರಿಂಟ್ ತೆಗೆಸಿ, ಪೆನ್ಸಿಲಿನಲ್ಲಿ ಕೆಳಗೆ ತುಂಬುತ್ತ ಕೂತಿದ್ದರು. 1963ರ ಮುಂದಿನ ಐದು 'ರಲ್ಲಿ' ಆಗಲೇ ಬೇಕು, ಅದರಲ್ಲಿ ಸಂಶಯವಿಲ್ಲ. 4ರ ಮುಂದಿನದು 'ಎಕರೆ'. ಮೊದಲನೆಯದು 'ನಮ್ಮ'. ಎರಡನೆಯದು 'ಅಜ್ಜ', 'ಅಪ್ಪ' ಎರಡೂ ಸರಿಹೊಂದುತ್ತವೆ. ಕೊನೆಯ ಏಳು ಮತ್ತು ಆರು ಪ್ರಶ್ನಾರ್ಥಕಗಳ ಕೆಳಗೆ ಅಪ್ಪ ದಪ್ಪಗೆ ಬರೆದಿದ್ದರು: ಮಡೆನೂರು ಬಿಟ್ಟು. "ನಮ್ಮ ಅಜ್ಜ 1963ರಲ್ಲಿ ಮಡೆನೂರು ಬಿಟ್ಟು. ನೋಡು, ಮಡೆನೂರಿನವರು. ಅಲ್ಲಿ ನಾಲ್ಕು ಎಕರೆ ಇದ್ದವರು ಮೂರೇ ಮನೆ" ಎಂದು ಆಗಲೇ ಹೆಸರು ಹೇಳತೊಡಗಿದ್ದರು.

ನಾನು ಪೆನ್ಸಿಲು ತೆಗೆದುಕೊಂಡು ಪಕ್ಕದಲ್ಲಿ ಇನ್ನೊಂದು ಬರೆದೆ: ಮುಳುಗಡೆ ಆದಮೇಲೆ. ಅಪ್ಪ ಒಂದೊಂದೇ ಚಿಹ್ನೆಯನ್ನು ಬೆರಳಿನಿಂದ ಮುಟ್ಟಿ ಎಣಿಸಿದರು. ಏಳು. ಆರು. ಇನ್ನೊಮ್ಮೆ ಎಣಿಸಿದರು. ಒಳಗಿಂದ ಅಮ್ಮ ಕಾಫಿಗೆ ಕರೆದಳು. "ಅದೂ ಆಗ್ತದೆ" ಎಂದು ಅಪ್ಪ ಎರಡನ್ನೂ ಹಾಗೇ ಬಿಟ್ಟು ಎದ್ದರು.